ಓರಗಿತ್ತಿಯರ ಬಿಸಿಲು

ನಮ್ಮ ಊರಿನ ನೀರಿನ ಟ್ಯಾಂಕಿಗೆ ಇವತ್ತಿನವರೆಗೂ ನೀರು ಬಂದಿಲ್ಲ. ನೆರಳು ಮಾತ್ರ, ಕಂಬಗಳ ಮೇಲೆ ಅದನ್ನು ಕೂರಿಸಿದ ದಿನವೇ ಬಂತು. ಬಂದದ್ದು ರಸ್ತೆಯ ಮೇಲೆ ಬಿದ್ದುಕೊಂಡಿದ್ದರೆ ಯಾರೂ ಕೇಳುತ್ತಿರಲಿಲ್ಲ, ಎಮ್ಮೆಗಳಾದರೂ ಮಲಗುತ್ತಿದ್ದವು. ಅದು ಹೋಗಿ ನಮ್ಮ ಎದುರು ಮನೆಯ ಮಹಡಿಯ ಮೇಲೆ ಅಂಚಿನಿಂದ ಅಂಚಿಗೆ ಕಂಬಳಿ ಹಾಸಿದ ಹಾಗೆ ಮಲಗಿತು. ಸೂರ್ಯ ಸರಿದರೂ ಅದು ಸರಿಯಲಿಲ್ಲ. ಸರ್ಕಾರದ ನೆರಳು ತಾನೇ, ಕೂತಲ್ಲಿಂದ ಅಷ್ಟು ಸುಲಭವಾಗಿ ಏಳುತ್ತದೆಯೇ? ಎದುರು ಮನೆಯವರದು ಹಪ್ಪಳದ ಕಂಪನಿ. ಬಿಸಿಲಿಲ್ಲದೆ ಹಪ್ಪಳದವರು ಏನು ಮಾಡಬೇಕು ಎಂದು ಟ್ಯಾಂಕು ಕಟ್ಟಿಸಿದ ಇಂಜಿನಿಯರನ್ನು ಕೇಳೋಣವೆಂದರೆ ಅಷ್ಟರಲ್ಲಿ ಅವನಿಗೆ ವರ್ಗವಾಗಿತ್ತು.

ಬೇರೆ ಊರುಗಳಲ್ಲಿ ಸರ್ಕಾರದಿಂದ ನಷ್ಟವಾದವರು ಕೋರ್ಟು ಕಚೇರಿ ಅಂತ ಅಲೆಯುತ್ತಾರಂತೆ. ನಮ್ಮಲ್ಲಿ ಸಭೆಗೆ ಹೋಗುತ್ತಾರೆ. ಕೋಟೆ ಬಾಗಿಲ ಪಕ್ಕದ ಉದ್ದನೆಯ ಹೆಂಚಿನ ಹಜಾರವೇ ಸಭೆ. ಊರಿಗೆ ಬೇಕಾದ ಕಾನೂನುಗಳೆಲ್ಲ ಅಲ್ಲೇ ಆಗುವುದು. ಎಲ್ಲರ ಕಾನೂನುಗಳು ಮುಗಿದ ಮೇಲೆ ಒಬ್ಬೊಬ್ಬರ ಕಾನೂನುಗಳನ್ನು ಕೈಗೆ ತೆಗೆದುಕೊಳ್ಳುತ್ತಾರೆ. ನಿಮ್ಮದೇ ಹೆಸರು ಹಾಕಿ, ನಿಮ್ಮೊಬ್ಬರಿಗೋಸ್ಕರ, ಸರ್ಕಾರ ಕಸಿದದ್ದನ್ನು ವಾಪಸು ಕೊಡಿಸುವ ಕಾನೂನು. ಅದು ಪಾಸಾದರೆ ಮರುದಿನ ಬೆಳಿಗ್ಗೆ ಕಣ್ಣು ಬಿಡುವಷ್ಟರಲ್ಲಿ ನಿಮ್ಮದು ನಿಮಗೆ ಬಂದಿರುತ್ತದೆ. ಆದರೆ ಸರ್ಕಾರದ ಹತ್ತಿರ ತನ್ನದು ಅಂತ ಏನಿದೆ? ಕೊಡಬೇಕಾದ್ದನ್ನು ಅದು ಊರಿನ ಇನ್ಯಾರಿಂದಲೋ ತೆಗೆದೇ ಕೊಡಬೇಕು. ಅದಕ್ಕೇ ಆ ಇನ್ಯಾರೋ ಸಭೆಗೆ ಬಂದು, ತನಗೆ ಏನು ಹೋಗುತ್ತದೆ ಎನ್ನುವುದನ್ನು ಬಾಯಿಬಿಟ್ಟು ಹೇಳಿ, ಹೋಗಲಿ, ಕೊಟ್ಟೆ ಎನ್ನಬೇಕು. ಅವರು ಒಪ್ಪದಿದ್ದರೆ ಕಾನೂನಿಲ್ಲ.

ಹಾಗೆಂದು ನಮ್ಮೂರಿನಲ್ಲಿ ಕೊಡುವವರಿಗೆ ಬರ ಬಂದದ್ದಿಲ್ಲ. ಚುನಾವಣೆಯ ಡಂಗುರಕ್ಕೆಂದು ಸರ್ಕಾರ ಬ್ಯಾಂಡ್ ಕಂಪನಿಯವರ ಡೋಲನ್ನು ಒಯ್ದಿತ್ತು. ವಾಪಸು ಬಂದಾಗ ಅದರಲ್ಲಿ ಸದ್ದೇ ಇರಲಿಲ್ಲ. ಆಗ ನಮ್ಮ ಹೆಡ್ಮೇಷ್ಟ್ರು ಶಾಲೆಯ ಗಂಟೆಯ ಸದ್ದು ಕೊಟ್ಟರು. ಅಂದಿನಿಂದ ಶಾಲೆ ಬಿಡುವ ಹೊತ್ತಿಗೆ ಅವರು ಅಂಗಳದಲ್ಲಿ ನಿಂತು ಟವೆಲ್ಲು ಬೀಸುತ್ತಾರೆ. ರಸ್ತೆ ಮಾಡುವವರು ಕೆಂಪರಾಯಪ್ಪನ ಬಾವಿಯನ್ನು ಕೆಡಿಸಿದಾಗ ಹೋಟೆಲಿನ ಶೇಷಗಿರಿ ತನ್ನ ಬಾವಿಯ ಸಿಹಿ ಕೊಟ್ಟ. ಅವತ್ತಿನಿಂದ ಶೇಷಗಿರಿಯ ಕಾಫಿ ಬಾಯಲ್ಲಿಡುವಂತಿಲ್ಲ. ಆದರೂ ಊರಿನವರೆಲ್ಲ ಅಲ್ಲೇ ಕುಡಿಯುತ್ತೇವೆ. ಮುಖ ಸಿಂಡರಿಸದೆ ಕುಡಿಯುವುದನ್ನು ಮಕ್ಕಳಿಗೂ ಹೇಳಿಕೊಟ್ಟಿದ್ದೇವೆ.

ಇದೆಲ್ಲ ಬೇರೆಯವರ ಮನೆಯಲ್ಲಿ ನಡೆಯುವಾಗ ಎಷ್ಟು ಚಂದ ಅನ್ನಿಸುತ್ತಿತ್ತು! ನಮ್ಮ ಮನೆ ಬಾಗಿಲಿಗೆ ಬರುತ್ತದೆ ಎಂದು ನಾನು ಕನಸಿನಲ್ಲೂ ನೆನೆಸಿರಲಿಲ್ಲ.

ಎದುರು ಮನೆಯವರ ವಿಷಯ ಹೇಳಬೇಕು. ಒಂದೇ ಮನೆಗೆ ಸೊಸೆಯರಾಗಿ ಬಂದ ಮೂವರು. ದೊಡ್ಡವಳು ಚನ್ನಬಸಮ್ಮ, ನಡುವಿನವಳು ಪುಟ್ಟತಾಯಮ್ಮ, ಕಿರಿಯವಳು ಇಂದುಮತಿ. ಗಂಡಂದಿರು ಅಣ್ಣತಮ್ಮಂದಿರು, ಲಾರಿ ಓಡಿಸುವವರು, ಬಂದಾಗ ಬರುತ್ತಾರೆ. ಅವರು ಬರುವುದನ್ನು ಕಾದು ಕೂರುವುದರ ಬದಲು ಈ ಮೂವರೂ ಸೇರಿ ಹಪ್ಪಳ ಸಂಡಿಗೆ ಶುರು ಮಾಡಿದರು. ಬಾಗಿಲ ಮೇಲೆ "ಓರಗಿತ್ತಿಯರು ಅಂಡ್ ಕಂಪನಿ" ಎಂದು ಬೋರ್ಡು ಹಾಕಿಸಿದರು. ಮೂವರ ಕೈರುಚಿಯೂ ಒಂದಕ್ಕಿಂತ ಒಂದು ಹೆಚ್ಚು, ಮೂವರ ಬಾಯಿಯೂ ಹಾಗೆಯೇ. ಬೆಳಗಾದರೆ ಮಹಡಿ ಹತ್ತಿ ಪ್ಲಾಸ್ಟಿಕ್ ಹಾಳೆ ಹಾಸುವರು, ಹಾಸಿದ ಕೂಡಲೇ ಜಾಗಕ್ಕಾಗಿ ಜಗಳ.

"ಪುಟ್ಟಿ, ನಿನ್ನ ಸಂಡಿಗೆ ನನ್ನ ಹಪ್ಪಳದ ಮೇಲೆ ಬಂತು ನೋಡೇ!"

"ನನ್ ಸಂಡಿಗೆ ಎಲ್ಲೂ ಬಂದಿಲ್ಲ ಅಕ್ಕ. ನಿಮ್ಮ ಹಪ್ಪಳವೇ ಕಾಲು ಚಾಚ್ಕೊಂಡು ಮಲಗಿರೋದು."

"ನೀವಿಬ್ಬರೂ ಮಲಗಿ. ನನ್ ಅರಳು ಸಂಡಿಗೆನ ತಲೆ ಮೇಲೆ ಒಣಗಿಸ್ಕೊಳ್ಲಾ?" ಇದು ಇಂದುಮತಿ.

ಇಲ್ಲಿಂದ ಹೊರಟ ಜಗಳ ತವರುಮನೆ, ಮದುವೆ, ಸತ್ತುಹೋದ ಅತ್ತೆ ಎಲ್ಲವನ್ನೂ ಸುತ್ತಿ, ಹಪ್ಪಳ ಗರಿಗರಿಯಾಗುವ ಹೊತ್ತಿಗೆ ನಗುವಿನಲ್ಲಿ ಮುಗಿಯುತ್ತಿತ್ತು.

ಈ ಕಡೆ ಮಹಡಿಯ ಮೇಲೆ ನಮ್ಮ ಯಜಮಾನರು ಕೂತಿರುತ್ತಿದ್ದರು. ಕಂಡಕ್ಟರ್ ಷಡಕ್ಷರಪ್ಪ ಎಂದರೆ ಊರಿಗೆಲ್ಲ ಗೊತ್ತು. ಸಂತೆಯ ದಿನ ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ, ಕೋಳಿ, ಕುಂಬಳಕಾಯಿ, ಅಳುವ ಕೂಸು, ಜಗಳವಾಡುವ ಬೀಗರು ಎಲ್ಲರ ನಡುವೆ ನುಸುಳಿಕೊಂಡು, "ಒಳಗ್ ನಡೀರಿ, ಒಳಗ್ ನಡೀರಿ, ಜಾಗ ಇದೆ!" ಎಂದು ಕೂಗುತ್ತ ಆಯುಸ್ಸು ಕಳೆದವರು. ಬಸ್ಸಿನ ಮೈಗೆ ಅಂಗೈಯಿಂದ ಒಂದು ಸಲ ತಟ್ಟಿದರೆ ನಿಲ್ಲು, ಎರಡು ಸಲ ತಟ್ಟಿದರೆ ಹೊರಡು. ಮನೆಗೆ ಬಂದರೂ ಅದೇ ಚಾಳಿ. ಅನ್ನ ಸಾಕಾದರೆ ಮಣೆಗೆ ಒಂದು ಸಲ ತಟ್ಟುವರು, ಇನ್ನಷ್ಟು ಬೇಕಾದರೆ ಎರಡು ಸಲ. "ನಾನೇನು ನಿಮ್ಮ ಡ್ರೈವರ್ರಾ?" ಎಂದು ನಾನು ರೇಗುತ್ತಿದ್ದೆ.

ಲಕ್ವ ಹೊಡೆದಾಗ ಬಲಗೈ, ಬಲಗಾಲು, ಮಾತು ಮೂರೂ ಹೋದವು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಬೆಳಗಿನ ಬಿಸಿಲು, ಮನೇಲಿ ಶಾಂತಿ. ಇವೆರಡೇ ಔಷಧಿ ಅಂದ್ಕೊಳ್ಳಿ ಗಂಗಮ್ಮ" ಎಂದರು. ನಾನು ಆ ಮಾತನ್ನು ದೇವರ ಮಾತೆಂದು ಹಿಡಿದುಕೊಂಡೆ. ಬಾಗಿಲ ಚಿಲಕಕ್ಕೆ ಬಟ್ಟೆ ಸುತ್ತಿದೆ. ರೇಡಿಯೋವನ್ನು ಅಟ್ಟಕ್ಕೆ ಹಾಕಿದೆ. ಕುಕ್ಕರು ಕೂಗುತ್ತದೆಂದು ಪಾತ್ರೆಯಲ್ಲೇ ಬೇಳೆ ಬೇಯಿಸಿದೆ. ನೋಡಲು ಬಂದವರನ್ನು ಹೊಸಿಲಲ್ಲೇ ತಡೆದು, ಪಿಸುಮಾತಿನಲ್ಲಿ ಮಾತಾಡುವುದಾದರೆ ಮಾತ್ರ ಒಳಗೆ ಬಿಟ್ಟೆ. ಪಿಸುಗುಟ್ಟಲು ಬಾರದ ಬಸ್‌ಸ್ಟ್ಯಾಂಡಿನ ಹಳೆಯ ಸ್ನೇಹಿತರು ಬರುವುದನ್ನೇ ಬಿಟ್ಟರು. ಹಿಂದೆಂದೂ ನಾನು ಮನೆಯ ಕಡೆ ಇಷ್ಟು ಹೆಮ್ಮೆಯಿಂದ ನೋಡಿರಲಿಲ್ಲ. ನಮ್ಮ ಮನೆ ಅಷ್ಟು ನಿಶ್ಶಬ್ದವಾಗಿತ್ತು.

ಬೆಳಿಗ್ಗೆ ಮಹಡಿಗೆ ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದರೆ ಅವರ ತುಟಿಯ ಅಂಚು ಸ್ವಲ್ಪ ಮೇಲಕ್ಕೆ ಹೋಗುತ್ತಿತ್ತು. ಎಡಗೈ ಮೊಣಕಾಲ ಮೇಲೆ ಆಡುತ್ತಿತ್ತು. ಒಂದೊಂದು ಸಲ ಗಂಟಲಲ್ಲಿ ನಗುವಿನಂಥದ್ದು ಏನೋ ಬರುತ್ತಿತ್ತು. "ಬಿಸಿಲು ಕೆಲಸ ಮಾಡ್ತಿದೆ" ಎಂದು ನಾನು ಕಂಡಕಂಡವರಿಗೆಲ್ಲ ಹೇಳಿದೆ. ಒಂದೇ ಕಿರಿಕಿರಿ ಎಂದರೆ ಎದುರಿನ ಓರಗಿತ್ತಿಯರದು. ಕಟ್ಟೆಯ ಮೇಲಿಂದ ಬಗ್ಗಿ, "ಸ್ವಲ್ಪ ಮೆಲ್ಲಗೆ ಜಗಳ ಆಡ್ರಮ್ಮ, ಕಾಯಿಲೆ ಮನುಷ್ಯರಿದ್ದಾರೆ" ಎನ್ನುತ್ತಿದ್ದೆ. ಪಾಪ, ಒಂದು ಗಳಿಗೆ ಸುಮ್ಮನಾಗುವರು. ಆಮೇಲೆ ಮತ್ತೆ ಶುರು.

ಟ್ಯಾಂಕಿನ ನೆರಳು ಬಿದ್ದ ಮೇಲೆ ಅವರು ಮಹಡಿಗೆ ಬರುವುದು ನಿಂತಿತು. ಹಾಕಿದ ಹಪ್ಪಳವೆಲ್ಲ ಬೂಸಲು ಹಿಡಿದು ಹೋಯಿತು. ನನಗೆ ಅಯ್ಯೋ ಅನ್ನಿಸಲಿಲ್ಲವೆಂದಲ್ಲ, ಆದರೆ ಒಳಗೊಳಗೇ ಕೊನೆಗೂ ಶಾಂತಿಯಾಯಿತು ಅನ್ನಿಸಿತು. ಅಲ್ಲಿಂದಲೇ ನಮ್ಮ ಯಜಮಾನರು ಸೊರಗತೊಡಗಿದರು. ತುಟಿಯ ಅಂಚು ಏಳಲಿಲ್ಲ. ಎರಡು ತುತ್ತಿಗೆ ಮಣೆ ತಟ್ಟಿ ಸಾಕೆನ್ನುವರು. ಮಧ್ಯಾಹ್ನವೆಲ್ಲ ಗೋಡೆಯ ಕಡೆ ಮುಖ. ಬಿಸಿಲು ಸಾಲುತ್ತಿಲ್ಲವೆಂದು ನಾನು ಇನ್ನೂ ಬೇಗ ಎಬ್ಬಿಸಿ, ಇನ್ನೂ ಹೆಚ್ಚು ಹೊತ್ತು ಕೂರಿಸಿದೆ. ಅವರ ಮುಖ ಕಪ್ಪಾಯಿತೇ ಹೊರತು ಬೆಳಗಲಿಲ್ಲ.

ಅಂಥ ಹೊತ್ತಿನಲ್ಲಿ ಓರಗಿತ್ತಿಯರು ನಮ್ಮ ಮನೆಗೆ ಬಂದರು. ನಾನು ಹೇಳಿಕೊಟ್ಟ ಹಾಗೆಯೇ ಹೊಸಿಲಲ್ಲಿ ನಿಂತು ಪಿಸುಗುಟ್ಟಿದರು.

"ಗಂಗಕ್ಕ, ಸಭೆಯವರು ನಮ್ ಕಂಪನಿ ಹೆಸರಲ್ಲಿ ಕಾನೂನು ಮಾಡೋಕೆ ಒಪ್ಪಿದ್ದಾರೆ" ಎಂದಳು ಚನ್ನಬಸಮ್ಮ. "ಒಂದು ಮಹಡಿ ಬಿಸಿಲು. ಆದ್ರೆ ಈ ಬೀದಿದೇ ಆಗ್ಬೇಕಂತೆ."

ನಮ್ಮ ಬೀದಿಯಲ್ಲಿ ಮಹಡಿ ಇದ್ದದ್ದು ಅವರಿಗೆ ಮತ್ತು ನಮಗೆ. ಉಳಿದವೆಲ್ಲ ಹೆಂಚಿನ ಮನೆಗಳು.

"ನಿಮಗೆ ಗೊತ್ತಿದ್ದೂ ಕೇಳ್ತೀರಲ್ಲ! ಇವರ ಜೀವ ನಿಂತಿರೋದೇ ಆ ಬಿಸಿಲಲ್ಲಿ."

"ಗೊತ್ತಕ್ಕ. ಗೊತ್ತಿರೋದಕ್ಕೇ ಇಷ್ಟು ದಿನ ಬರ್ಲಿಲ್ಲ." ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡಳು. "ಕಂಪನಿ ಮುಚ್ಚಿದ್ರೆ ಇಂದುಮತಿ ತವರಿಗೆ ಹೋಗ್ತಾಳಂತೆ. ಪುಟ್ಟಿ ಅವಳ ಗಂಡನ ಜೊತೆ ಲಾರಿ ಇದ್ದ ಊರಿಗೆ. ಒಬ್ಬಳೇ ಆ ಮನೇಲಿ ನಾನು ಯಾರ ಹತ್ರ ಜಗಳ ಆಡ್ಲಿ?"

ಒಳಗಿನಿಂದ ಮಂಚದ ಚೌಕಟ್ಟಿಗೆ ತಟ್ಟಿದ ಸದ್ದು ಬಂತು. ಒಂದೇ ಸಲ, ಆದರೆ ಜೋರಾಗಿ.

"ನೋಡಿದ್ರಾ? ಅವರಿಗೆ ತೊಂದ್ರೆ ಆಗ್ತಿದೆ. ಹೊರಡಿ ನೀವು" ಎಂದೆ. ಅವರು ಕಾಲಿನ ಸದ್ದೂ ಆಗದಂತೆ ಹೊರಟುಹೋದರು. ನಾನು ಬಾಗಿಲು ಹಾಕಿ, ಬಟ್ಟೆ ಸುತ್ತಿದ ಚಿಲಕವನ್ನು ಹಿಡಿದುಕೊಂಡು ಸುಮಾರು ಹೊತ್ತು ನಿಂತಿದ್ದೆ.

ಕೊಡುವುದಿಲ್ಲ ಎನ್ನುವುದಕ್ಕೂ ಸಭೆಗೆ ಹೋಗಲೇಬೇಕು. ಮನೆ ಇವರ ಹೆಸರಿನಲ್ಲಿತ್ತಾದ್ದರಿಂದ ಇವರೇ ಬರಬೇಕೆಂದು ಹೇಳಿಕಳಿಸಿದರು. ಬಸ್‌ಸ್ಟ್ಯಾಂಡಿನ ಹಮಾಲರು ಕುರ್ಚಿಸಮೇತ ಎತ್ತಿಕೊಂಡು ಹೊರಟರು. ದಾರಿಯುದ್ದಕ್ಕೂ ನಾನು ಮುಂದೆ ಹೋಗುತ್ತ, ತುಟಿಯ ಮೇಲೆ ಬೆರಳಿಟ್ಟು ಊರನ್ನೆಲ್ಲ ಸುಮ್ಮನಿರಿಸಿದೆ. ತರಕಾರಿಯವರು ಕೂಗು ನಿಲ್ಲಿಸಿದರು. ಬ್ಯಾಂಡ್ ಕಂಪನಿಯವರು ಡೋಲಿನ ಮೇಲೆ ಜಮಖಾನ ಮುಚ್ಚಿದರು. ಇಷ್ಟೊಂದು ಒಳ್ಳೆಯ ಜನರ ನಡುವೆ ಇದ್ದೇನಲ್ಲ ಎಂದು ನನಗೆ ಕಣ್ಣು ತುಂಬಿತು. ಇವರು ಮಾತ್ರ ಕಣ್ಣು ಮುಚ್ಚಿಕೊಂಡಿದ್ದರು.

ಸಭೆಯಲ್ಲಿ ಮೊದಲು ಚನ್ನಬಸಮ್ಮ ಎದ್ದಳು. ಬಿಸಿಲು ಹೋದದ್ದು, ಹಪ್ಪಳ ಹಾಳಾದದ್ದು ಎಲ್ಲ ಹೇಳಿದಳು. ಕಾಯಿಲೆಯವರಿದ್ದಾರೆಂದು ಅಲ್ಲೂ ಪಿಸುಮಾತಿನಲ್ಲೇ ಹೇಳಿದ್ದರಿಂದ ಹಿಂದಿನ ಬೆಂಚಿನವರು ಕಿವಿಗೆ ಕೈ ಹಚ್ಚಿಕೊಂಡು ಕೂತಿದ್ದರು. ಆಮೇಲೆ ಅಧ್ಯಕ್ಷರು ನನ್ನ ಕಡೆ ನೋಡಿದರು. ಅವರೂ ಒಂದು ಕಾಲದಲ್ಲಿ ಇವರ ಬಸ್ಸಿನ ಮೆಟ್ಟಿಲ ಮೇಲೆ ನೇತಾಡಿಕೊಂಡು ಕಾಲೇಜಿಗೆ ಹೋದವರೇ.

"ಸ್ವಾಮಿ, ನಮಗೂ ಹಪ್ಪಳದವರ ಮೇಲೆ ಕನಿಕರ ಇದೆ" ಎಂದೆ. "ಆದ್ರೆ ಬಿಸಿಲು ಹೋದ್ರೆ ನನಗೆ ಹೋಗೋದು ಬಿಸಿಲಲ್ಲ, ಇವರು. ಇಷ್ಟು ದಿನ ಅದೊಂದರಿಂದಲೇ ಇವರನ್ನ ಉಳಿಸ್ಕೊಂಡಿದೀನಿ. ಕೊಡಲ್ಲ ಅಂತ ಬರ್ಕೊಳ್ಳಿ."

ಚನ್ನಬಸಮ್ಮ ತಲೆ ತಗ್ಗಿಸಿದಳು. ಇಂದುಮತಿ ಅವಳ ಸೆರಗನ್ನು ಮೆಲ್ಲಗೆ ಎಳೆದು, "ಬನ್ನಿ ಅಕ್ಕ, ಹೋಗೋಣ" ಎಂದಳು. ಆಗ ಕುರ್ಚಿಯ ಕೈಗೆ ಒಂದು ಏಟು ಬಿತ್ತು.

ಇಂದುಮತಿ ನಿಂತಳು. ಅಧ್ಯಕ್ಷರೂ ಬರೆಯುವುದನ್ನು ನಿಲ್ಲಿಸಿದರು. ಇಡೀ ಸಭೆ ಬ್ರೇಕು ಹಾಕಿದಂತೆ ನಿಂತಿತು. ನಮ್ಮ ಯಜಮಾನರು ಕಣ್ಣು ಬಿಟ್ಟಿದ್ದರು. ಬಾಯಿ ಒಂದು ಕಡೆಗೆ ವಾಲಿಕೊಂಡು ಮಾತಿಗೆ ತಡಕಾಡುತ್ತಿತ್ತು. ನಾನು ಬಗ್ಗಿ, "ನೀರು ಬೇಕಾ?" ಎಂದೆ. ಎಡಗೈಯಿಂದ ನನ್ನನ್ನು ಪಕ್ಕಕ್ಕೆ ಸರಿಸಿದರು.

"ಬಿಸಿಲು..." ಎಂದರು. ಇಷ್ಟು ದಿನಗಳ ಮೇಲೆ ಅವರ ಗಂಟಲಿನಿಂದ ಬಂದ ಮೊದಲ ಮಾತು ಅದು. "ಬಿಸಿಲು... ಹೋಗ್ಲಿ. ಗ... ಗಲಾಟೆ ಬೇಕು."

"ಏನಂದ್ರು?" ಎಂದರು ಅಧ್ಯಕ್ಷರು.

ನನಗೆ ಅರ್ಥವಾಗಲಿಲ್ಲ. ಒಂದೇ ಮಂಚದಲ್ಲಿ ಬಾಳಿದ ನನಗೇ ಅರ್ಥವಾಗಲಿಲ್ಲ. ಅರ್ಥವಾದದ್ದು ಚನ್ನಬಸಮ್ಮನಿಗೆ. ಅವಳು ಎರಡು ಹೆಜ್ಜೆ ಮುಂದೆ ಬಂದು, ಅವತ್ತು ಮೊದಲ ಸಲ ತನ್ನ ನಿಜವಾದ ಗಂಟಲಿನಲ್ಲಿ ಕೇಳಿದಳು. "ಷಡಕ್ಷರಣ್ಣ, ನಾವು ಮಹಡಿ ಮೇಲೆ ಜಗಳ ಆಡ್ತಿದ್ವಲ್ಲ, ಅದಾ?"

ಅವರ ಎಡಗೈ ಕುರ್ಚಿಯ ಕೈಗೆ ಎರಡು ಸಲ ಬಡಿಯಿತು. ಟಪ್, ಟಪ್.

ಗುಮಾಸ್ತರು ಪೆನ್ನು ಹಿಡಿದುಕೊಂಡು ತಕರಾರು ತೆಗೆದರು. ಕೊಡುವವರು ಕೊಟ್ಟೆ ಎಂದು ಬಾಯಲ್ಲಿ ಹೇಳಬೇಕು, ತಟ್ಟಿದರೆ ಆಗುವುದಿಲ್ಲ ಎಂದರು. ಅಧ್ಯಕ್ಷರು ಅವರ ಕಡೆ ತಿರುಗಿ, "ಏನ್ರೀ, ನೀವು ಬಸ್ಸಲ್ಲಿ ಕೂತೇ ಇಲ್ವಾ?" ಎಂದರು. "ಅವರು ಎರಡು ತಟ್ಟಿದ ಮೇಲೆ ನಿಂತಿದ್ದ ಬಸ್ಸನ್ನ ನಾನಂತೂ ನೋಡಿಲ್ಲ. ಬರ್ಕೊಳ್ಳಿ, ಪಾಸಾಯ್ತು."

ಮನೆಗೆ ಬಂದ ಮೇಲೆ ನಾನು ಅತ್ತುಬಿಟ್ಟೆ. ಸೋತದ್ದಕ್ಕಲ್ಲ. ಹಾಗಾದರೆ ಆ ತುಟಿಯ ಅಂಚು ಏಳುತ್ತಿದ್ದದ್ದು ಬಿಸಿಲಿಗಲ್ಲ! ಮಂಚ ತಟ್ಟಿ ಅವರು ನಿಲ್ಲಿಸಲು ನೋಡಿದ್ದು ಓರಗಿತ್ತಿಯರನ್ನಲ್ಲ, ನನ್ನನ್ನು. ಸಂತೆಯ ಬಸ್ಸಿನಲ್ಲಿ ಬಾಳಿದ ಮನುಷ್ಯನನ್ನು ನಾನು ಪ್ರೀತಿಯಿಂದಲೇ ಹತ್ತಿಯಲ್ಲಿ ಸುತ್ತಿ ಡಬ್ಬಿಯೊಳಗೆ ಇಟ್ಟಿದ್ದೆ. ಒಂದೊಂದು ಸದ್ದನ್ನೂ ಹುಡುಕಿ ಹುಡುಕಿ ಹೊರಗೆ ಹಾಕಿದವಳು ನಾನೇ. ಅವರು ಎಡಗೈಯನ್ನು ನನ್ನ ತಲೆಯ ಮೇಲಿಟ್ಟರು. ಅದು ಅಲ್ಲಿಯೇ ಇತ್ತು, ತಟ್ಟಲಿಲ್ಲ.

ಮರುದಿನ ಬೆಳಿಗ್ಗೆ ನೋಡಿದರೆ ಟ್ಯಾಂಕಿನ ನೆರಳು ಎದ್ದು ಬೀದಿ ದಾಟಿ ಬಂದು ನಮ್ಮ ಮಹಡಿಯ ಮೇಲೆ ಮಲಗಿತ್ತು. ಎದುರಿನ ಮಹಡಿ ಬಿಸಿಲಿನಲ್ಲಿ ತೊಳೆದಿಟ್ಟ ತಟ್ಟೆಯಂತಿತ್ತು. ನಾನು ಇವರಿಗೆ ಸ್ವೆಟರು ಹಾಕಿ, ಮಫ್ಲರು ಸುತ್ತಿ, ಕಾಲಿನ ಮೇಲೆ ರಗ್ಗು ಹೊದಿಸಿ, ಕಟ್ಟೆಯ ಪಕ್ಕಕ್ಕೇ ಕುರ್ಚಿ ಹಾಕಿ ಕೂರಿಸಿದೆ. ಓರಗಿತ್ತಿಯರು ಹಿಟ್ಟಿನ ಉಂಡೆ, ಲಟ್ಟಣಿಗೆ, ಸಂಡಿಗೆ ಹಿಟ್ಟಿನ ಪಾತ್ರೆ ಹೊತ್ತು ಮಹಡಿ ಹತ್ತಿದರು. ಹಾಳೆ ಹಾಸಿದರು. ನಮ್ಮ ಕಡೆ ನೋಡಿ ಕೈಮುಗಿದರು. ಆಮೇಲೆ ತುಟಿ ಎರಡು ಮಾಡದೆ ಕೆಲಸ ಶುರು ಮಾಡಿದರು.

ಅವರ ಕಷ್ಟ ನನಗೆ ಅರ್ಥವಾಗುತ್ತಿತ್ತು. ತನ್ನ ಬಿಸಿಲನ್ನೇ ಕೊಟ್ಟು ನೆರಳಲ್ಲಿ ಕೂತವನ ಎದುರಿಗೆ ಯಾರಿಗೆ ತಾನೇ ಜಗಳ ಬರುತ್ತದೆ? ಪುಟ್ಟತಾಯಮ್ಮ ತನ್ನ ಸಂಡಿಗೆಯನ್ನು ಮೂಲೆಗೆ ಸರಿಸಿಕೊಂಡು ಚನ್ನಬಸಮ್ಮನಿಗೆ ಜಾಗ ಬಿಟ್ಟಳು. ಚನ್ನಬಸಮ್ಮ ಬೇಡ ಬೇಡವೆಂದು ಸನ್ನೆ ಮಾಡಿ ಇಂದುಮತಿಗೆ ಬಿಟ್ಟಳು. ಇಂದುಮತಿ ಇನ್ನಷ್ಟು ಹಿಂದಕ್ಕೆ ಸರಿದಳು. ಮೂವರೂ ಮರ್ಯಾದೆ ಮಾಡಿಕೊಂಡು ಮೂರು ಮೂಲೆ ಸೇರಿದ್ದರಿಂದ ನಡುವಿನ ಬಿಸಿಲೆಲ್ಲ ಖಾಲಿ ಬಿತ್ತು. ನಮ್ಮ ಯಜಮಾನರು ಕತ್ತು ಮುಂದೆ ಚಾಚಿ ಕಾಯುತ್ತಿದ್ದರು. ಕಾದು ಕಾದು ಅವರ ಕಣ್ಣು ನಿಧಾನವಾಗಿ ಗೋಡೆಯ ಕಡೆ ತಿರುಗತೊಡಗಿತು.

ನಾನು ಸೆರಗು ಸಿಕ್ಕಿಸಿಕೊಂಡು ಕಟ್ಟೆಯ ಮೇಲೆ ಬಗ್ಗಿದೆ.

"ಏನ್ರೀ ಚನ್ನಬಸಮ್ಮ!" ನನ್ನ ಗಂಟಲು ಅಷ್ಟು ಜೋರಾಗಿರುವುದು ನನಗೇ ಮರೆತುಹೋಗಿತ್ತು. ವಿದ್ಯುತ್ ತಂತಿಯ ಮೇಲಿನ ಕಾಗೆಗಳು ಹಾರಿದವು. "ಅದೇನು ಹಪ್ಪಳಾನೋ ರೊಟ್ಟಿನೋ? ಅಷ್ಟು ದಪ್ಪ ಲಟ್ಟಿಸಿದ್ರೆ ನಮ್ ಬಿಸಿಲು ಸಾಕಾಗುತ್ತಾ?"

ಚನ್ನಬಸಮ್ಮ ಬಾಯಿ ತೆರೆದುಕೊಂಡು ನನ್ನನ್ನೇ ನೋಡಿದಳು. ಕಂಪನಿ ಹುಟ್ಟಿದಾಗಿನಿಂದ ಅವಳ ಹಪ್ಪಳಕ್ಕೆ ಯಾರೂ ಹೀಗೆ ಅಂದಿರಲಿಲ್ಲ.

"ದಪ್ಪಾನಾ? ನನ್ ಹಪ್ಪಳಾನಾ?"

"ನಾನೂ ಅದನ್ನೇ ಹೇಳ್ತೀನಿ, ನನ್ ಮಾತು ಯಾರು ಕೇಳ್ತಾರೆ?" ಎಂದುಬಿಟ್ಟಳು ಪುಟ್ಟತಾಯಮ್ಮ, ಬಾಯಿ ತಡೆಯಲಾರದೆ.

"ನೀನು ಬಾಯಿ ಮುಚ್ಚೇ! ನಿನ್ ಸಂಡಿಗೆಗೆ ಉಪ್ಪು ಹಾಕೋದನ್ನ ಕಲಿಸಿದ್ದು ಯಾರು?"

"ಅತ್ತೆ ಕಲಿಸಿದ್ದು. ನೀವಲ್ಲ!"

"ಅತ್ತೆ ಹೆಸರು ಎತ್ತಬೇಡಿ. ನನ್ ಮದ್ವೆಲಿ ಅತ್ತೆ ಏನಂದ್ರು ಅಂತ ನಾನಿನ್ನೂ ಮರ್ತಿಲ್ಲ" ಎಂದು ಇಂದುಮತಿ ಸಂಡಿಗೆ ಹಿಟ್ಟಿನ ಪಾತ್ರೆಯನ್ನು ತಂದು ಮಹಡಿಯ ನಟ್ಟನಡುವೆ ಕುಕ್ಕಿದಳು. "ಇವತ್ತು ನಡುವಿನ ಜಾಗ ನನ್ನದು!"

ಹೊರಟಿತು. ತವರುಮನೆ ಬಂತು, ಲಾರಿ ಬಂತು, ಯಾರೋ ಯಾರಿಗೋ ಕೊಡದ ರೇಷ್ಮೆ ಸೀರೆ ಬಂತು. ನಾನೂ ಬಿಡಲಿಲ್ಲ. ಈ ಮಹಡಿಯಿಂದ ಅವರ ಕಾಳುಮೆಣಸನ್ನು ಜರೆದೆ, ಜೀರಿಗೆಯನ್ನು ಜರೆದೆ, ಮೂವರಿಗೂ ಒಬ್ಬಳೇ ಉತ್ತರ ಕೊಟ್ಟೆ. ಬೀದಿಯಲ್ಲಿ ಹೋಗುವವರು ನಿಂತು ಮೇಲೆ ನೋಡಿದರು. ನಾಲ್ಕು ಗಂಟಲುಗಳ ಆ ಗದ್ದಲದ ನಡುವೆ ನನ್ನ ಪಕ್ಕದಿಂದ ಇನ್ನೊಂದು ಗಂಟಲು ಕೇಳಿಸಿತು. ತೊದಲುತ್ತಿತ್ತು, ಒಡೆದುಹೋಗಿತ್ತು, ಆದರೆ ಸಂತೆಯ ಬಸ್ಸಿನ ಹಿಂದಿನ ಸೀಟಿನವರೆಗೆ ಮುಟ್ಟುವ ಅದೇ ಗಂಟಲು.

"ಒಳಗ್... ನಡೀರಿ! ಒಳಗ್ ನಡೀರಿ... ಜಾಗ ಇದೆ!"

ಆ ಕಡೆ ಮೂವರೂ ಕೈಯಲ್ಲಿದ್ದದ್ದನ್ನು ಕೈಯಲ್ಲೇ ಹಿಡಿದು ನಿಂತರು. ಚನ್ನಬಸಮ್ಮನ ಕಣ್ಣಿನಿಂದ ನೀರು ಇಳಿಯಿತು. ನನ್ನ ಕಣ್ಣೂ ತುಂಬಿ ಏನೂ ಕಾಣುತ್ತಿರಲಿಲ್ಲ, ಆದರೆ ಎಲ್ಲರೂ ಸುಮ್ಮನಾದದ್ದು ಕೇಳಿಸಿತು. ನನಗೆ ಹೆದರಿಕೆಯಾಗಿ, ಮೂಗು ಒರೆಸಿಕೊಂಡು, ಇದ್ದಷ್ಟು ಜೋರಾಗಿ ಕೂಗಿದೆ.

"ಯಾಕ್ರೇ ನಿಲ್ಲಿಸಿದ್ರಿ? ಆಡ್ರೇ ಜಗಳ!"